ಪೀರಮ್ಮನ ಗುಳಿಗೆ, ಹನ್ನೊಂದನೇ ಕಾಲಂ

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಪೀರಮ್ಮನ ಕಥೆಯನ್ನು ತಣ್ಣಗೆ ಕೂತು ಹೇಳುವುದು ನನ್ನಿಂದ ಆಗದ ಮಾತು. ನನ್ನ ಹೆಸರು ಲಾಲ್ ಅಹ್ಮದ್. ವಾಡಿ ಸ್ಟೇಷನ್ ಎದುರಿನ ರಸ್ತೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್ ಅನ್ನುವುದು ಹೆಸರಿಗೆ, ನಿಜವಾದ ಕೆಲಸ ಅರ್ಜಿ ತುಂಬುವುದು. ರೇಷನ್ ಕಾರ್ಡು, ವಿಧವಾ ಪಿಂಚಣಿ, ಜಾತಿ ಪ್ರಮಾಣಪತ್ರ, ಆಮೇಲೆ ಮಳೆಗಾಲ ಬಂತೆಂದರೆ ಗುಂಪುಗುಂಪಾಗಿ ಬರುವ ಗೇಟ್‌ಪಾಸ್ ಫಾರ್ಮು.

ಶಹಾಬಾದ್, ವಾಡಿ, ಸೇಡಂ, ಚಿಂಚೋಳಿ ಅಂತ ಈ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳಿಗೇನು ಬರವಿಲ್ಲ. ನಾನು ಹೇಳುತ್ತಿರುವುದು ಯಾವ ಕಾರ್ಖಾನೆ, ಯಾವ ಗುತ್ತೇದಾರ ಅನ್ನುವುದು ಬೇಡ, ಹೆಸರು ಹೇಳಿ ಕೋರ್ಟಿಗೆ ಅಲೆಯುವ ವಯಸ್ಸು ನನ್ನದಲ್ಲ. ಮಳೆಗಾಲದಲ್ಲಿ ಸಿಮೆಂಟಿಗೆ ಗಿರಾಕಿ ಕಡಿಮೆ, ಆಗ ಭಟ್ಟಿ ಆರಿಸಿ ರಿಪೇರಿ ಮಾಡುತ್ತಾರೆ. ಅದಕ್ಕೆ ಶಟ್‌ಡೌನ್ ಅನ್ನುತ್ತಾರೆ. ಇಪ್ಪತ್ತೆಂಟು ದಿನ, ನೂರಾರು ಗುತ್ತಿಗೆ ಕೆಲಸಗಾರರು, ಕಾಂಪೌಂಡಿನ ಒಳಗೇ ತಗಡಿನ ಶೆಡ್ಡಿನಲ್ಲಿ ವಾಸ. ಭಟ್ಟಿಯ ಪಕ್ಕದ ಮೂವತ್ತು ಮಾಳಿಗೆ ಎತ್ತರದ ಗೋಪುರದ ಸುತ್ತ ಕಬ್ಬಿಣದ ಪೈಪು ಕಟ್ಟಿ, ಅದರ ಮೇಲೆ ನಿಂತು ಕೆಲಸ. ಮೇಲೆ ಹತ್ತುವವನಿಗೆ ಮೊದಲು ಮೆಡಿಕಲ್ ಆಗಬೇಕು. ಬಿ.ಪಿ. ನೂರಾ ನಲವತ್ತು ದಾಟಿದರೆ ಗೇಟ್‌ಪಾಸ್ ಇಲ್ಲ. ಫಾರ್ಮಿನ ಹನ್ನೊಂದನೇ ಕಾಲಮ್ಮಿನಲ್ಲಿ ಒಂದು ಪ್ರಶ್ನೆ ಇದೆ: ನಿತ್ಯ ಸೇವಿಸುವ ಔಷಧಿ ಇದೆಯೇ?

ಒಂಬತ್ತು ವರ್ಷ ನಾನು ಆ ಜಾಗದಲ್ಲಿ ಯಾರನ್ನೂ ಕೇಳದೆ ‘ಇಲ್ಲ’ ಅಂತ ಬರೆದೆ. ಹೆಸರು, ಊರು, ಆಧಾರ್ ನಂಬರು ಕೇಳುತ್ತಿದ್ದೆ, ಅದೊಂದನ್ನು ಕೇಳುತ್ತಿರಲಿಲ್ಲ. ಅದಕ್ಕೂ ಮೊದಲು ನಾಲವಾರ ಕಡೆಯ ಒಬ್ಬ ವೆಲ್ಡರ್ ಬೇರೆ ಅಂಗಡಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ‘ಹೌದು’ ಅಂತ ಬರೆಸಿದ್ದ. ಗುತ್ತೇದಾರನ ಪರವಾಗಿ ಆಳು ಗೊತ್ತುಮಾಡುವ ಮುನ್ಶಿ ದೇವಿಂದ್ರಪ್ಪ ಅವನನ್ನು ಡಾಕ್ಟರ ತನಕ ಬಿಡದೆ ಗೇಟಿನಿಂದಲೇ ವಾಪಸು ಕಳಿಸಿದ. ದಿನಾ ಔಷಧಿ ತಿನ್ನುವವನು ಬೀಮಾರ್ ಮನುಷ್ಯ, ಬೀಮಾರ್ ಮನುಷ್ಯ ನನಗೆ ಬೇಡ ಅಂದನಂತೆ. ಆ ಸುದ್ದಿ ಸುತ್ತಲಿನ ಊರೆಲ್ಲ ತಿರುಗಿತು. ಅವತ್ತಿನಿಂದ ನಮ್ಮ ಗಂಡಸರ ಲೆಕ್ಕದಲ್ಲಿ ಗುಳಿಗೆ ತಿನ್ನುವವನು ರೋಗಿ, ತಿನ್ನದೆ ತಿರುಗುವವನು ಗಟ್ಟಿಮುಟ್ಟಾದವನು.

ಇನ್ನು ಪೀರಮ್ಮ. ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ ಅವಳ ಮನೆ. ತವರು ಚಿತ್ತಾಪುರ ತಾಲ್ಲೂಕಿನ ದಂಡೋತಿ. ಕಾಗಿಣಾ ನದಿಯ ದಂಡೆಯಲ್ಲಿ ಅಪ್ಪನಿಗೆ ಕೂಲಿ ಕೆಲಸ. ದರ್ಗಾದ ಪೀರನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳಾದ್ದರಿಂದ ಪೀರಮ್ಮ. ಗಂಡ ಶಹಾಬಾದ್ ಕಲ್ಲಿನ ಗಣಿಯಲ್ಲಿ ಹಾಸುಗಲ್ಲು ಸೀಳುತ್ತಿದ್ದ. ನಲವತ್ತಾರನೇ ವಯಸ್ಸಿಗೆ ಅವನಿಗೆ ಬಿ.ಪಿ. ಇದೆ ಅಂತ ಗೊತ್ತಾಯಿತು. ಎರಡು ತಿಂಗಳು ಗುಳಿಗೆ ತಿಂದ. ದವಾಖಾನೆಯಲ್ಲಿ ನಾರ್ಮಲ್ ಆಗಿದೆ ಅಂದರು. ನಾರ್ಮಲ್ ಅಂದಮೇಲೆ ಗುಳಿಗೆ ಯಾಕೆ ಅಂತ ಬಿಟ್ಟ. ಅದೇ ವರ್ಷ ಲಕ್ವಾ ಹೊಡೆದು ಒಂದು ಕಡೆಯ ಕೈಕಾಲು ಬಿದ್ದುಹೋದವು. ಆರು ವರ್ಷ ಪೀರಮ್ಮ ಅವನನ್ನು ಎತ್ತಿ ಕೂರಿಸಿದಳು, ತೊಳೆದಳು, ಉಣಿಸಿದಳು. ಆಮೇಲೆ ಅವನು ಹೋದ.

ಆ ಆರು ವರ್ಷದ ನಡುವೆ ಅವಳ ಬಿ.ಪಿ.ಯೂ ಏರಿದೆ ಅಂತ ತಿಳಿಯಿತು. ಗಂಡ ಮಾಡಿದ್ದನ್ನು ಕಣ್ಣಾರೆ ಕಂಡಿದ್ದಳಲ್ಲ, ತಾನು ಹಾಗೆ ಮಾಡಲಿಲ್ಲ. ಹದಿನಾಲ್ಕು ವರ್ಷವಾಯಿತು. ಬೆಳಗ್ಗೆ ಐದಕ್ಕೆ ಎದ್ದು ಜೋಳದ ಹಿಟ್ಟು ಮಿದ್ದುತ್ತಾಳೆ. ದಿನಕ್ಕೆ ನೂರು ರೊಟ್ಟಿ ಬಡಿಯಬೇಕು. ಖಾನಾವಳಿಗಳಿಗೂ ಓಣಿಯ ಮನೆಗಳಿಗೂ ಅವಳದೇ ರೊಟ್ಟಿ. ಹಂಚಿನಿಂದ ಇಳಿದ ಮೊದಲ ರೊಟ್ಟಿ ಆಕಳಿಗೆ, ಎರಡನೆಯದರಲ್ಲಿ ಚೂರು ಮುರಿದು ತನ್ನ ಬಾಯಿಗೆ, ಅದರ ಮೇಲೆ ಗುಳಿಗೆ. ಮದುವೆಮನೆಯಿರಲಿ, ಸಾವಿನ ಮನೆಯಿರಲಿ, ಸೆರಗಿನ ಗಂಟಿನಲ್ಲಿ ಗುಳಿಗೆ ಇರಲೇಬೇಕು. ಓಣಿಯ ಮಂದಿ ಅವಳನ್ನು ಗುಳಿಗಿ ಪೀರಮ್ಮ ಅಂತ ಕರೆದು ನಕ್ಕರು. ನಕ್ಕವರೇ ಶಟ್‌ಡೌನ್ ಹತ್ತಿರ ಬಂತೆಂದರೆ ಅವಳ ಬಾಗಿಲಿಗೆ ಬಂದು ಕೈ ಒಡ್ಡುತ್ತಿದ್ದರು.

ಯಾಕೆ ಅಂತೀರಾ? ಮೆಡಿಕಲ್ಲಿಗೆ ನಾಲ್ಕೈದು ದಿನ ಮೊದಲು ಗುಳಿಗೆ ಶುರು ಮಾಡಿದರೆ ಬಿ.ಪಿ. ಇಳಿಯುತ್ತದೆ. ಯಂತ್ರ ನಾರ್ಮಲ್ ತೋರಿಸುತ್ತದೆ. ಹನ್ನೊಂದನೇ ಕಾಲಮ್ಮಿನಲ್ಲಿ ‘ಇಲ್ಲ’ ಇರುತ್ತದೆ. ಗೇಟ್‌ಪಾಸ್ ಬರುತ್ತದೆ. ಅದು ಕೈಗೆ ಬಂದ ದಿನವೇ ಗುಳಿಗೆ ಬಂದ್. ಇದಕ್ಕೆ ಅವರು ‘ಮೆಡಿಕಲ್ ಗುಳಿಗಿ’ ಅಂತ ಹೆಸರಿಟ್ಟಿದ್ದರು. ಒಳಗೆ ಹೋಗುವಾಗ ಚೀಲ ನೋಡುತ್ತಾರೆ, ಗುಳಿಗೆಯ ಪಟ್ಟಿ ಸಿಕ್ಕಿದರೆ ಮುನ್ಶಿಯ ಕಿವಿಗೆ ಹೋಗುತ್ತದೆ, ಹಾಗಾಗಿ ಒಬ್ಬನೂ ಒಯ್ಯುತ್ತಿರಲಿಲ್ಲ. ಪರೀಕ್ಷೆಯ ದಿನ ಸರಿ ಇದ್ದ ರಕ್ತದೊತ್ತಡ, ಗೋಪುರ ಹತ್ತಿದ ಮೇಲೆ ಮೊದಲು ಎಲ್ಲಿತ್ತೋ ಅಲ್ಲಿಗೇ ಏರುತ್ತಿತ್ತು. ಮನುಷ್ಯ ಮೇಲೆ ಹತ್ತುವ ಇಪ್ಪತ್ತೆಂಟು ದಿನ ಬಿಟ್ಟು, ನೆಲದ ಮೇಲೆ ನಿಂತ ನಾಲ್ಕು ದಿನ ಗುಳಿಗೆ ತಿನ್ನುವ ಜಾಣತನ ಎಲ್ಲಾದರೂ ಕೇಳಿದ್ದೀರಾ? ನಾನು ಒಂಬತ್ತು ವರ್ಷ ಕಂಡೆ, ಫಾರ್ಮು ತುಂಬಿಕೊಟ್ಟು ಚಹಾ ಕುಡಿದೆ.

ಪೀರಮ್ಮ ಕೊಡುತ್ತಿದ್ದಳು. ಓಣಿಯ ಹುಡುಗರು, ಕೆಲಸ ಸಿಗಲಿ ಅಂತ. ಸರ್ಕಾರಿ ದವಾಖಾನೆಯಲ್ಲಿ ಅವಳಿಗೆ ತಿಂಗಳಿಗೆ ಮೂವತ್ತು ಗುಳಿಗೆ ಕೊಡುತ್ತಾರೆ. ನಾಲ್ಕು ಜನಕ್ಕೆ ನಾಲ್ಕು ನಾಲ್ಕು ಹಂಚಿದರೆ ಹದಿನಾರು ಹೋಯಿತು. ಉಳಿದದ್ದನ್ನು ಅರ್ಧ ಅರ್ಧ ಮುರಿದು ತಾನು ತಿನ್ನುತ್ತಿದ್ದಳು. ವರ್ಷದಲ್ಲಿ ಆ ಒಂದು ತಿಂಗಳು ಮಾತ್ರ ಅವಳ ಬಿ.ಪಿ. ಏರಿರುತ್ತಿತ್ತು. ಉಪ್ಪಿನಕಾಯಿ ಜಾಸ್ತಿ ತಿಂದಿರಬೇಕು ಅಂತ ನರ್ಸಮ್ಮ ಬೈದರೆ, ಹೌದವ್ವ ತಿಂದೆ ಅಂತ ತಲೆ ಬಗ್ಗಿಸಿ ನಿಲ್ಲುತ್ತಿದ್ದಳು.

ಹೋದ ವರ್ಷ ಗುಳಿಗೆ ಒಯ್ದವರಲ್ಲಿ ಖಾಜಾ ಒಬ್ಬ. ವೆಲ್ಡರ್, ನಲವತ್ತೊಂದು ವಯಸ್ಸು, ಓಣಿಯಲ್ಲಿ ಅವನಷ್ಟು ಮಾತಾಡುವವನು ಇನ್ನೊಬ್ಬನಿರಲಿಲ್ಲ. ನನ್ನ ಅಂಗಡಿಗೆ ಒಂದು ಹಾಳೆ ಝೆರಾಕ್ಸಿಗೆ ಬಂದರೆ ಅರ್ಧ ತಾಸು ಹರಟುತ್ತಿದ್ದ. ಅವನ ಫಾರ್ಮಿನಲ್ಲೂ ನಾನು ‘ಇಲ್ಲ’ ಬರೆದೆ. ಮೆಡಿಕಲ್ಲಿನಲ್ಲಿ ನೂರಾ ಮೂವತ್ತೆರಡು ಬಂತು. ಹತ್ತೊಂಬತ್ತನೇ ದಿನ ಗೋಪುರದ ಮೇಲೆ ವೆಲ್ಡಿಂಗ್ ಮಾಡುತ್ತಿದ್ದವನು ಸುಮ್ಮನೆ ಕೂತುಬಿಟ್ಟ. ಬೆಲ್ಟು ಸಿಕ್ಕಿಸಿಕೊಂಡಿದ್ದರಿಂದ ಬೀಳಲಿಲ್ಲ. ಪಕ್ಕದಲ್ಲಿ ಪೈಪು ಬಿಗಿಯುತ್ತಿದ್ದ ಪೀರಮ್ಮನ ಮಗ ಜೈಭೀಮನೇ ಇನ್ನಿಬ್ಬರ ಜೊತೆ ಹಗ್ಗ ಕಟ್ಟಿ ಅವನನ್ನು ಇಳಿಸಿದ. ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಈಗ ಅವನ ಬಾಯಿಂದ ಬರುವುದು ಒಂದೇ ಶಬ್ದ, ಅದಕ್ಕೆ ಅರ್ಥವಿಲ್ಲ.

ಶಟ್‌ಡೌನ್ ಮುಗಿದಮೇಲೆ ಅವನ ಹೆಂಡತಿ ಜಬೀನಾ ಗುತ್ತೇದಾರನ ಆಫೀಸಿಗೆ ಹೋಗುವಾಗ ನನ್ನನ್ನು ಜೊತೆಗೆ ಕರೆದಳು. ಅಲ್ಲಿ ದೇವಿಂದ್ರಪ್ಪ ಒಂದು ಫೈಲು ತೆಗೆದು ಫಾರ್ಮು ತೋರಿಸಿದ. ರೋಗ ಮುಚ್ಚಿಟ್ಟು ಬಂದವನಿಗೆ ಗುತ್ತೇದಾರ ಹೊಣೆಯಲ್ಲ ಅಂದ. ಹನ್ನೊಂದನೇ ಕಾಲಮ್ಮಿನ ಮೇಲೆ ಬೆರಳಿಟ್ಟು, ನೋಡಮ್ಮ ನಿನ್ನ ಗಂಡನೇ ಬರೆಸಿದ್ದು ಅಂದ. ನಿಜ ಬರೆಸಿದವನನ್ನು ಗೇಟಿನಿಂದ ಓಡಿಸಿದವನು ಇವನೇ, ಸುಳ್ಳು ಬರೆಸಿದವನಿಗೆ ಸುಳ್ಳುಗಾರ ಅನ್ನುವವನೂ ಇವನೇ. ನನ್ನ ಮೈಯೆಲ್ಲ ಉರಿಯಿತು. ಆದರೆ ಆ ಹಾಳೆಯಲ್ಲಿದ್ದ ಅಕ್ಷರ ನನ್ನದು. ದುಂಡಗೆ, ಚಂದಾಗಿ, ನೀಲಿ ಶಾಯಿಯಲ್ಲಿ.

ಆ ವಾರವೇ ಜಬೀನಾ ಪೀರಮ್ಮನ ಮನೆಗೆ ಹೋದಳು. ನಾನು ರೊಟ್ಟಿ ಒಯ್ಯಲು ಹೋಗಿ ಅಲ್ಲೇ ನಿಂತಿದ್ದೆ. ಜಗಳಕ್ಕೆ ಬಂದಿದ್ದಾಳೆ ಅಂದುಕೊಂಡೆ. ಜಬೀನಾ ಹೊಸ್ತಿಲ ಹೊರಗೇ ನಿಂತು, ಮೆಲ್ಲಗೆ ಕೇಳಿದಳು.

“ಅಮ್ಮಾ, ಅವತ್ತು ಕೊಟ್ಟಿದ್ರಲ್ಲ, ಆ ಗುಳಿಗಿ ಇನ್ನಾ ನಾಕು ಅವೇನ್ರಿ? ಅವು ತೊಗೊಂಡಾಗ ಭಾಳ ಚೊಲೊ ಇದ್ರು.”

ಪೀರಮ್ಮನ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ನಾದುವ ಪರಾತಕ್ಕೆ ಬಿತ್ತು. ಅವಳು ಜಬೀನಾಳನ್ನು ಒಳಗೆ ಕರೆದು ಕೂರಿಸಿಕೊಂಡಳು, ಅಳುತ್ತ ಕೂತಳು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಬೆಳಗ್ಗೆ ಪೀರಮ್ಮ ಮಗನಿಗೆ ತಾಟು ಹಾಕಲಿಲ್ಲ. ದವಾಖಾನೆಗೆ ನಡಿ, ಬಂದು ಉಣ್ಣು ಅಂದಳು. ಜೈಭೀಮನಿಗೆ ಮೂವತ್ತನಾಲ್ಕು ವರ್ಷ, ಇಬ್ಬರು ಮಕ್ಕಳ ತಂದೆ. ಅವನೂ ಐದು ವರ್ಷದಿಂದ ಮೆಡಿಕಲ್ ಗುಳಿಗಿಯ ಗಿರಾಕಿ. ಖಾಜಾನನ್ನು ಹಗ್ಗದಲ್ಲಿ ಇಳಿಸಿದವನು ಅವನೇ ಆದ್ದರಿಂದ ಎದುರು ಮಾತಾಡದೆ ಹೋದ. ಬಿ.ಪಿ. ನೂರಾ ಎಪ್ಪತ್ತು, ಕೆಳಗಿನದು ನೂರಾ ಹತ್ತು. ತಿಂಗಳು ತಿಂಗಳು ಬಿ.ಪಿ. ಬರೆಯುವ ದವಾಖಾನೆಯ ಪುಸ್ತಕವನ್ನು ಅವತ್ತೇ ಮಾಡಿಸಿದಳು, ಅವತ್ತೇ ಗುಳಿಗೆ ಶುರು. ಜೊತೆಗೆ ಹೋಗಿ ದವಾಖಾನೆಯ ಬಾಗಿಲಲ್ಲಿ ನಿಂತು ದೇವಿಂದ್ರಪ್ಪನ ಮೇಲೆ ಸಿಟ್ಟು ಮಾಡುತ್ತಿದ್ದ ನನ್ನನ್ನೂ ಕೂರಿಸಿ ನೋಡಿಸಿದಳು. ನನ್ನದು ನೂರಾ ಐವತ್ತೆಂಟು. ಹೀಗೆ ನಾನೂ ಆ ಸಾಲಿಗೆ ಸೇರಿದೆ.

ಎರಡು ತಿಂಗಳಾದ ಮೇಲೆ ಜೈಭೀಮನದು ನೂರಾ ಇಪ್ಪತ್ತೆಂಟಕ್ಕೆ ಇಳಿಯಿತು. ನಾರ್ಮಲ್ ಆಯಿತಲ್ಲ, ಇನ್ನು ಬಿಡೋಣ ಅಂದ. ಅದೇ ಮಾತು, ಅವನಪ್ಪ ಆಡಿದ್ದೇ. ಪೀರಮ್ಮ ಅವನನ್ನು ಒಲೆಯ ಮುಂದೆ ಕೂರಿಸಿಕೊಂಡಳು.

“ಹಂಚು ಕಾದದ ಅಂತ ಒಲಿ ಆರಸ್ತಿ ಏನು? ಮುಂದಿನ ರೊಟ್ಟಿ ಹಸೀನೇ ತಿಂತಿ? ಗುಳಿಗಿ ನುಂಗಾಕತ್ತಿ ಅಂತ ನಾರ್ಮಲ್ ಅದ. ಬಿಟ್ಟ ದಿನ ನಿಮ್ಮಪ್ಪನ್ನ ನೆನಸ್ಕೊ.”

ಅವನು ಬಿಡಲಿಲ್ಲ. ಹತ್ತು ತಿಂಗಳು, ಪುಸ್ತಕದಲ್ಲಿ ಹತ್ತು ಸಾಲು. ಈ ವರ್ಷ ಮತ್ತೆ ಮಳೆಗಾಲ ಬಂತು, ಶಟ್‌ಡೌನ್ ಸುದ್ದಿ ಬಂತು. ಗುಳಿಗೆ ಕೇಳಲು ಬಂದವರಿಗೆ ಪೀರಮ್ಮ ಬಾಗಿಲಲ್ಲೇ ಹೇಳಿದಳು: ದಿನಾ ತಿನ್ನುವುದಾದರೆ ನಾನೇ ದವಾಖಾನೆಗೆ ಕರೆದೊಯ್ಯುತ್ತೇನೆ, ನಾಲ್ಕು ದಿನಕ್ಕೆ ಬೇಕಾದರೆ ಒಂದೂ ಕೊಡುವುದಿಲ್ಲ. ಅವರು ಶಹಾಬಾದಿಗೆ ಹೋಗಿ ಔಷಧಿ ಅಂಗಡಿಯಲ್ಲಿ ಕೊಂಡು ತಂದರು.

ಆಮೇಲೆ ಅವಳು ನನ್ನ ಅಂಗಡಿಗೆ ಬಂದು ಜೈಭೀಮನ ಫಾರ್ಮು ನನ್ನ ಮುಂದೆ ಇಟ್ಟಳು. ಹನ್ನೊಂದರಲ್ಲಿ ಹೌದು ಅಂತ ಬರೀರಿ ಅಂದಳು. ಹಿಂದೆಯೇ ಜೈಭೀಮ ಓಡಿಬಂದ. ಬಿ.ಪಿ. ಹೇಗೂ ಸರಿ ಇದೆ, ‘ಇಲ್ಲ’ ಅಂತ ಬರೆದರೆ ಯಾರಿಗೆ ಗೊತ್ತಾಗುತ್ತದೆ, ಇಬ್ಬರು ಮಕ್ಕಳ ಫೀ ಕಟ್ಟುವುದಿದೆ ಅಂತ ಕೂಗಾಡಿದ. ಅವನ ಮಾತಿನಲ್ಲಿ ಸುಳ್ಳೇನಿರಲಿಲ್ಲ. ವರ್ಷದ ದುಡಿಮೆಯಲ್ಲಿ ದೊಡ್ಡ ಪಾಲು ಆ ಇಪ್ಪತ್ತೆಂಟು ದಿನದ್ದೇ. ಪೀರಮ್ಮ ಒಂದೇ ಪ್ರಶ್ನೆ ಕೇಳಿದಳು: ‘ಇಲ್ಲ’ ಅಂತ ಬರೆಸಿ ಒಳಗೆ ಹೋದಮೇಲೆ ಗುಳಿಗೆ ಎಲ್ಲಿಟ್ಟುಕೊಳ್ಳುತ್ತಿ? ನಾನು ಪೆನ್ನು ತೆಗೆದು ‘ಹೌದು’ ಅಂತ ಬರೆದೆ. ಒಂಬತ್ತು ವರ್ಷದಲ್ಲಿ ಆ ಜಾಗದಲ್ಲಿ ನಾನು ಆ ಅಕ್ಷರ ಬರೆದದ್ದು ಅದೇ ಮೊದಲು. ಜೈಭೀಮ ನನ್ನ ಮುಖ ನೋಡದೆ ಹೊರಗೆ ಹೋದ.

ಮೆಡಿಕಲ್ ದಿನ ಪೀರಮ್ಮ ರೊಟ್ಟಿ ಕೆಲಸ ಬಿಟ್ಟು ಹೊರಟಳು. ನನ್ನನ್ನೂ ಅಂಗಡಿ ಮುಚ್ಚಿಸಿ ಕರೆದುಕೊಂಡು ಹೋದಳು. ಕಾರ್ಖಾನೆಯ ಹೊರಗೆ ಗುತ್ತೇದಾರನ ತಗಡಿನ ಶೆಡ್ಡು. ಒಂದು ಮೂಲೆಗೆ ಪರದೆ ಕಟ್ಟಿ ಅದರಾಚೆ ಡಾಕ್ಟರು. ಪರದೆಯ ಈಚೆ ಕಂಪೌಂಡರು ಬಿ.ಪಿ. ನೋಡಿ ಬರೆಯುತ್ತಾನೆ, ಮುನ್ಶಿ ದೇವಿಂದ್ರಪ್ಪ ಫಾರ್ಮು ನೋಡಿ ಒಳಗೆ ಬಿಡುತ್ತಾನೆ. ಜೈಭೀಮನನ್ನು ಬಿಟ್ಟು ನಮ್ಮ ಓಣಿಯ ಹನ್ನೊಂದು ಜನ ಸಾಲಿನಲ್ಲಿದ್ದರು, ಎಲ್ಲರಿಗಿಂತ ಮುಂದೆ ಪೈಪು ಕಟ್ಟುವ ಚಾಂದ್. ಹನ್ನೊಂದು ಜನರದೂ ನಾರ್ಮಲ್. ಕೊನೆಗೆ ಜೈಭೀಮ ಕೂತ. ನೂರಾ ಇಪ್ಪತ್ತಾರು, ಎಂಬತ್ತು.

ದೇವಿಂದ್ರಪ್ಪ ಸುಲೇಪೇಟದವನು. ಬಿಳಿ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ಫಾರ್ಮು ನೋಡಿ ನನ್ನ ಕಡೆ ತಿರುಗಿ, ಲಾಲ್ ಭಾಯಿ ಬರೆಯುವಾಗ ನಿದ್ದೆ ಬಂದಿತ್ತೇನ್ರಿ ಅಂತ ನಕ್ಕ. ಬಿ.ಪಿ. ಚೆನ್ನಾಗಿದೆ, ಅಲ್ಲೊಂದು ಗೀಟು ಎಳೆದು ‘ಇಲ್ಲ’ ಅಂತ ಬರೀರಿ, ಈಗಲೇ ಪಾಸ್ ಮಾಡುತ್ತೇನೆ ಅಂದ. ಒಳ್ಳೆಯ ಮಾತಿನಲ್ಲೇ ಹೇಳಿದ. ಪೆನ್ನನ್ನೂ ಅವನೇ ಕೊಟ್ಟ. ಜೈಭೀಮ ನನ್ನ ಕಡೆ ಆಸೆಯಿಂದ ನೋಡಿದ. ನಾನು ಪೆನ್ನು ಮುಟ್ಟಲಿಲ್ಲ. ಪೀರಮ್ಮ ಎದ್ದು ನಿಂತಳು.

“ಯಾಕ್ರಿ ಗೀಟು? ಗುಳಿಗಿ ತೊಗೊಳ್ಳಾಕತ್ತಾನ, ಅದಕ್ಕ ಬರಾಬರ್ ಅದ. ಇಲ್ಲ ಅಂತ ಬರ್ದ್ರ ನಾಳಿಂದ ಒಳಗ ಕದ್ದು ತಿನ್ನಬೇಕೇನು? ಅದೇನು ಗಾಂಜಾ ಏನ್ರಿ?”

ದೇವಿಂದ್ರಪ್ಪನ ನಗು ಹೋಯಿತು. ಹೆಂಗಸರಿಗೆ ಇಲ್ಲೇನು ಕೆಲಸ, ಹೊರಗೆ ಕಳಿಸ್ರಿ ಅಂತ ದನಿ ಏರಿಸಿದ. ಆ ಗಲಾಟೆಗೆ ಪರದೆ ಸರಿಸಿ ಡಾಕ್ಟರಮ್ಮ ಹೊರಗೆ ಬಂದರು. ಹೆಸರು ರಾಧಿಕಾ, ಆರು ವರ್ಷದಿಂದ ಈ ಮೆಡಿಕಲ್ಲಿಗೆ ಬರುವವರು. ಏನದು ಅಂತ ಕೇಳಿದರು. ಪೀರಮ್ಮ ಮಗನ ಪುಸ್ತಕ ಕೊಟ್ಟಳು. ಡಾಕ್ಟರಮ್ಮ ಹತ್ತೂ ತಿಂಗಳ ಸಾಲು ಓದಿದರು, ಫಾರ್ಮು ನೋಡಿದರು, ನಾಲವಾರದ ವೆಲ್ಡರನ ಕಥೆ ನನ್ನಿಂದ ಕೇಳಿದರು. ಆಮೇಲೆ ಮುನ್ಶಿಯ ಕಡೆ ತಿರುಗಿದರು.

“ಔಷಧಿ ತಗೊಳ್ಳೋರನ್ನ ವಾಪಸ್ ಕಳಿಸಿ ಅಂತ ನಾನು ಯಾವತ್ತು ಹೇಳಿದ್ದೆ? ಬಿ.ಪಿ. ಇದ್ದೂ ತಗೊಳ್ಳದೆ ಇರೋರು ಮೇಲೆ ಹತ್ತಬಾರದು ಅಂತ ಇಟ್ಟ ಪ್ರಶ್ನೆ ಅದು.”

ಆರು ವರ್ಷದಲ್ಲಿ ತಮ್ಮ ಮುಂದೆ ಒಂದೇ ಒಂದು ‘ಹೌದು’ ಬಂದಿಲ್ಲ ಅಂತ ಡಾಕ್ಟರಮ್ಮ ಹೇಳಿದರು. ಹೇಗೆ ಬರಬೇಕು? ಒಬ್ಬ ಬಾಗಿಲಲ್ಲೇ ತಡೆದ, ಒಬ್ಬ ನೀಲಿ ಶಾಯಿಯಲ್ಲಿ ಸುಳ್ಳು ಬರೆದ. ಅಷ್ಟಕ್ಕೂ ಈ ಡಾಕ್ಟರಮ್ಮನಿಗೂ ನನ್ನ ಸಿಟ್ಟಿನಲ್ಲಿ ಪಾಲಿದೆ. ಬಿಸಿಲಲ್ಲಿ, ಬೂದಿಯಲ್ಲಿ, ಬೀಡಿ ಹೊಗೆಯಲ್ಲಿ ಬದುಕುವ ಸಾವಿರ ಜನರಲ್ಲಿ ಒಬ್ಬನೂ ಬಿ.ಪಿ. ಗುಳಿಗೆ ತಿನ್ನುವುದಿಲ್ಲ ಅಂತ ಹಾಳೆ ಹೇಳಿದರೆ, ಆರು ವರ್ಷ ಅದನ್ನು ನಂಬುವುದೇ? ಬಾಯಿಬಿಟ್ಟು ಒಬ್ಬನನ್ನಾದರೂ ಕೇಳಬಾರದಿತ್ತೇ?

ಡಾಕ್ಟರಮ್ಮ ಜೈಭೀಮನ ಫಾರ್ಮಿನ ಮೇಲೆ ‘ಔಷಧಿಯಲ್ಲಿದ್ದಾನೆ, ಯೋಗ್ಯ’ ಅಂತ ಬರೆದು ಸಹಿ ಹಾಕಿದರು. ಅಲ್ಲಿಗೆ ಮುಗಿದಿದ್ದರೆ ಪೀರಮ್ಮ ಗೆದ್ದು ಮನೆಗೆ ಬರುತ್ತಿದ್ದಳು. ಅವಳು ಹಿಂದೆ ನಿಂತ ಹನ್ನೊಂದು ಜನರನ್ನು ನೋಡಿದಳು. ಅವರಲ್ಲಿ ಚಾಂದ್ ಬೇಡ ಅನ್ನುವಂತೆ ತಲೆಯಾಡಿಸಿದ. ಅದನ್ನು ಅವಳು ಕಂಡಳು, ನಾನೂ ಕಂಡೆ. ಆದರೂ ಹೇಳಿದಳು.

“ಡಾಕ್ಟರಮ್ಮ, ಇವತ್ತು ನೀವು ನೋಡಿದ್ದು ಇವರ ಬಿ.ಪಿ. ಅಲ್ರಿ. ನಾಕು ದಿನದ ಗುಳಿಗಿದು. ಹತ್ತನೇ ದಿನ ಮತ್ತ ನೋಡ್ರಿ.”

ಡಾಕ್ಟರಮ್ಮ ಅದನ್ನು ಚೀಟಿಯಲ್ಲಿ ಬರೆದುಕೊಂಡರು. ದೇವಿಂದ್ರಪ್ಪ ಹನ್ನೊಂದು ಜನಕ್ಕೂ ಗೇಟ್‌ಪಾಸ್ ಕೊಟ್ಟ. ಜೈಭೀಮನ ಹೆಸರು ಮಾತ್ರ ಪಟ್ಟಿಯಿಂದ ತೆಗೆದ. ಡಾಕ್ಟರು ಯೋಗ್ಯ ಅಂದಿರಬಹುದು, ಕೆಲಸಕ್ಕೆ ತೊಗೊಳ್ಳುವವನು ನಾನು ಅಂದ. ಕೈಯಲ್ಲಿ ಯೋಗ್ಯ ಅನ್ನುವ ಕಾಗದ ಹಿಡಿದುಕೊಂಡು ಜೈಭೀಮ ಶೆಡ್ಡಿನಿಂದ ಹೊರಗೆ ಬಂದ. ನಮಗಾಗಿ ನಿಲ್ಲದೆ ಸಿಕ್ಕ ಟೆಂಪೋ ಹತ್ತಿ ಹೋದ. ನಾನೂ ಪೀರಮ್ಮನೂ ಬಸ್ಸಿಗೆ ಕಾದು ನಿಂತೆವು.

ಮುಂದಿನ ಒಂಬತ್ತು ದಿನ ಜೈಭೀಮ ತಾಯಿಯ ಜೊತೆ ಮಾತಾಡಲಿಲ್ಲ. ಸಿಟ್ಟಿಗೆ ಗುಳಿಗೆ ಬಿಟ್ಟಾನು ಅಂತ ಅವಳಿಗೆ ಹೆದರಿಕೆ. ಅವನು ಅವಳು ಬಡಿದ ರೊಟ್ಟಿ ತಿನ್ನುವುದನ್ನು ಬಿಟ್ಟ, ಖಾನಾವಳಿಯಲ್ಲಿ ಬರೀ ಅನ್ನ ಉಂಡ, ಗುಳಿಗೆ ಮಾತ್ರ ಬಿಡಲಿಲ್ಲ. ಸೊಸೆ ಬಂದು ದಿನಾ ಮೆಲ್ಲಗೆ ಹೇಳಿ ಹೋಗುತ್ತಿದ್ದಳು, ಇವತ್ತೂ ತೊಗೊಂಡಾರ ಅತ್ತಿ ಅಂತ.

ಹತ್ತನೇ ದಿನ ಡಾಕ್ಟರಮ್ಮ ಯಾರಿಗೂ ತಿಳಿಸದೆ ಯಂತ್ರ ಹಿಡಿದು ಒಳಗೆ ಹೋದರು. ನಮ್ಮ ಹನ್ನೊಂದರಲ್ಲಿ ಏಳು ಜನರದು ಏರಿತ್ತು. ಚಾಂದನದು ನೂರಾ ತೊಂಬತ್ತು. ಏಳೂ ಜನಕ್ಕೆ ಔಷಧಿ ಶುರು ಮಾಡಿ, ಕೆಳಗಿನ ಕೆಲಸ ಕೊಡಿ, ಎರಡು ತಿಂಗಳ ಪುಸ್ತಕ ತಂದರೆ ಮುಂದಿನ ಕೆಲಸಕ್ಕೆ ನಾನೇ ಯೋಗ್ಯ ಅಂತ ಬರೆಯುತ್ತೇನೆ ಅಂತ ಡಾಕ್ಟರಮ್ಮ ಕಾಗದದಲ್ಲೇ ಬರೆದುಕೊಟ್ಟರು. ದೇವಿಂದ್ರಪ್ಪ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಕೆಳಗಿನ ಕೆಲಸಕ್ಕೆ ಜನ ಇದ್ದಾರೆ ಅಂತ ಏಳೂ ಜನರನ್ನು ಗೇಟಿನ ಹೊರಗೆ ಹಾಕಿದ. ಪೈಪು ಕಟ್ಟುವವರು ಕಡಿಮೆ ಬಿದ್ದರು. ಅವತ್ತೇ ಸಂಜೆ ಜೈಭೀಮನಿಗೆ ಫೋನು ಬಂತು, ನಾಳೆ ಬಾ ಅಂತ.

ಇದೊಂದು ಆಗಬಾರದಿತ್ತು. ಮರುದಿನ ಜೈಭೀಮ ಬುತ್ತಿ ಕಟ್ಟಿಕೊಂಡು, ಅಂಗಿಯ ಜೇಬಿನಲ್ಲಿ ಎಲ್ಲರಿಗೂ ಕಾಣುವಂತೆ ಗುಳಿಗೆಯ ಪಟ್ಟಿ ಇಟ್ಟುಕೊಂಡು ಹೋದ. ಅವನು ಹೋದ ತಾಸಿಗೆ ಏಳೂ ಜನ ಪೀರಮ್ಮನ ಅಂಗಳಕ್ಕೆ ಬಂದರು. ಗುಳಿಗೆ ಕೇಳುವಾಗ ಒಬ್ಬೊಬ್ಬರೇ ಬರುತ್ತಿದ್ದವರು ಈಗ ಒಟ್ಟಿಗೆ ಬಂದಿದ್ದರು. ಚಾಂದ್ ಮುಂದೆ ನಿಂತು, ಓಣಿಗೆಲ್ಲ ಕೇಳುವಂತೆ ಹೇಳಿದ.

“ನಿನ್ನ ಮಗಗ ದಾರಿ ಮಾಡಾಕ ನಮ್ಮ ಏಳು ಮಂದಿ ಅನ್ನ ಕಸ್ಕೊಂಡಿ.”

ಪೀರಮ್ಮ ರೊಟ್ಟಿ ಬಡಿಯುತ್ತಲೇ ಇದ್ದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂದರೂ ತಿರುವಿ ಹಾಕಲಿಲ್ಲ. ನಾನು ತಡೆಯಲಾರದೆ ಬಾಯಿಗೆ ಬಂದದ್ದೆಲ್ಲ ಅಂದೆ. ಹದಿನಾರು ಗುಳಿಗೆ ಹಂಚಿ ತಾನು ಅರ್ಧ ತಿಂದವಳು ನಿಮ್ಮ ಅನ್ನ ಕಸಿಯುತ್ತಾಳೇನ್ರಯ್ಯ, ನಿಮ್ಮನ್ನು ಹೊರಗೆ ಹಾಕಿದವನ ಅಂಗಳಕ್ಕೆ ಹೋಗಲು ಕಾಲಿಲ್ಲವೇ ಅಂತ ಕೇಳಿದೆ. ಝೆರಾಕ್ಸಿನವನಿಗೆ ಇಲ್ಲೇನು ಕೆಲಸ ಅಂದರು. ಅವರು ಹೋದಮೇಲೆ ಪೀರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬೈದದ್ದಕ್ಕೆ ಅವಳಿಗೆ ನೋವಿಲ್ಲ, ಮಗನಿಗಾಗಿ ಮಾಡಿದೆ ಅಂದರಲ್ಲ, ಆ ಮಾತು ಅವಳ ಎದೆಗೆ ನಾಟಿತ್ತು. ಓಣಿಯ ಹನ್ನೆರಡು ಮನೆ ಅವಳ ರೊಟ್ಟಿ ಬಿಟ್ಟವು. ಎದುರಾದರೆ ಹೆಂಗಸರೂ ಮುಖ ತಿರುವಿದರು. ಜಬೀನಾ ಒಬ್ಬಳು ಬಿಡಲಿಲ್ಲ, ಮೊದಲಿಗಿಂತ ಎರಡು ರೊಟ್ಟಿ ಹೆಚ್ಚು ಒಯ್ದಳು.

ನಾನು ಆಫೀಸಿಗೆ ಎರಡು ಸಲ ಹೋಗಿ ಬಂದೆ. ಡಾಕ್ಟರಮ್ಮನ ಕಾಗದದ ನಕಲು ಕೇಳಿದರೆ ದೇವಿಂದ್ರಪ್ಪ ಯಾವ ಕಾಗದ ಅಂತ ಕೇಳಿದ. ಕಾರ್ಮಿಕ ಇಲಾಖೆಗೆ ಅರ್ಜಿ ಬರೆದಿದ್ದೇನೆ, ಏಳು ಜನರ ಹೆಸರಿನಲ್ಲಿ ಒಂದು, ಖಾಜಾನ ಹೆಸರಿನಲ್ಲಿ ಒಂದು. ಖಾಜಾನ ಅರ್ಜಿಯಲ್ಲಿ, ಹನ್ನೊಂದನೇ ಕಾಲಂ ತುಂಬಿದವನು ನಾನು, ಅವನನ್ನು ಕೇಳದೆ ತುಂಬಿದೆ ಅಂತ ಬರೆದು ನನ್ನ ಸಹಿ ಹಾಕಿದ್ದೇನೆ. ಏನಾಗುತ್ತದೋ ನೋಡೋಣ. ಈಗ ಫಾರ್ಮು ತುಂಬುವಾಗ ಆ ಪ್ರಶ್ನೆಯನ್ನು ಜೋರಾಗಿ ಓದಿ ಕೇಳುತ್ತೇನೆ. ಕೆಲವರು ಬೈದು ಪಕ್ಕದ ಅಂಗಡಿಗೆ ಹೋಗುತ್ತಾರೆ.

ಹೋದ ಮಂಗಳವಾರ ಬಿ.ಪಿ. ಗುಳಿಗೆ ಕೊಡುವ ದಿನ. ನಾನೂ ಪೀರಮ್ಮನೂ ದವಾಖಾನೆಗೆ ಹೋದೆವು. ಸಾಲು ಬಾಗಿಲಿನಿಂದ ಹೊರಗಿನ ಬೇವಿನ ಮರದ ತನಕ ಬಂದಿತ್ತು. ಆ ಸಾಲಿನಲ್ಲಿ ಚಾಂದ್ ಇದ್ದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಎಣಿಸಿದೆ, ಏಳೂ ಜನ. ಪೀರಮ್ಮನ ಮೇಲಿನ ಪ್ರೀತಿಗೆ ಬಂದವರಲ್ಲ. ಎರಡು ತಿಂಗಳ ಪುಸ್ತಕ ಇದ್ದರೆ ಮುಂದಿನ ಶಟ್‌ಡೌನಿಗೆ ಯೋಗ್ಯ ಅಂತ ಡಾಕ್ಟರಮ್ಮ ಹೇಳಿದ್ದರಲ್ಲ, ಅದಕ್ಕೆ ಬಂದವರು. ಒಬ್ಬೊಬ್ಬರ ಕೈಯಲ್ಲೂ ಹೊಸ ಪುಸ್ತಕ. ನಮ್ಮನ್ನು ಕಂಡ ಕೂಡಲೇ ಏಳೂ ಮುಖ ಆ ಕಡೆ ತಿರುಗಿದವು. ಚಾಂದ್ ಗುಳಿಗೆ ತೊಗೊಂಡು ಪೀರಮ್ಮನ ಮುಂದಿನಿಂದಲೇ ಹೋದ. ಅವಳು ಏನಪ್ಪಾ ಚಾಂದ್ ಅಂದಳು. ಅವನು ನಿಲ್ಲಲಿಲ್ಲ.

ನನಗೆ ಮತ್ತೆ ತಲೆ ಕೆಟ್ಟಿತು. ಇವರ ಜೀವ ಉಳಿಸಲು ಹೋಗಿ ಊರಿಗೆಲ್ಲ ಬೇಡವಾದಿ ಅಕ್ಕ, ಒಬ್ಬನಾದರೂ ಬಾಯಿಬಿಟ್ಟು ಮಾತಾಡಿಸಿದನೇ ಅಂತ ಕೇಳಿದೆ. ಪೀರಮ್ಮ ಬೇವಿನ ಮರದ ಕೆಳಗೆ ಕೂತು, ಏಳೂ ಜನ ಗೇಟು ದಾಟುವ ತನಕ ಅವರನ್ನೇ ನೋಡಿದಳು.

“ಸಿಟ್ಟಿಗೆ ಮಾತು ಬಿಟ್ಟಾರ, ಬಿಡ್ಲಿ ಲಾಲ್ ಭಾಯಿ. ಖಾಜಾಗ ಸಿಟ್ಟು ಬಂದ್ರೂ ಬೈಯಾಕ ಮಾತಿಲ್ಲ. ಇವರು ತಮಗ ಎಂಬತ್ತು ವರ್ಷ ಆಗೋ ತನಕ ನನ್ನ ಬೈಕೋತ ಇರ್ಲಿ.”